ರಾಜ್ಯೋತ್ಸವದ ಬ್ಯಾಕ್‌ಡ್ರಾಪ್: ಒತ್ತಕ್ಷರ ಒಡೆಯದ ಹಾಗೆ ಪ್ರಿಂಟ್ ಫೈಲ್ ಮಾಡುವುದು ಹೇಗೆ?

ಹಳ್ಳಿಮೇಷ್ಟ್ರು:

ಎಲ್ಲರಿಗೂ ನಮಸ್ಕಾರ. ನಾನು ಹಾಸನ ಜಿಲ್ಲೆಯ ಒಂದು ಹಳ್ಳಿಯಲ್ಲಿ ಮೇಷ್ಟ್ರು. ನಮ್ಮೂರ ಯುವಕ ಸಂಘದ ರಾಜ್ಯೋತ್ಸವಕ್ಕೆ ವೇದಿಕೆಯ ಬ್ಯಾಕ್‌ಡ್ರಾಪ್ ಡಿಸೈನ್ ನಾನೇ ಮಾಡುತ್ತೇನೆ. ಕೋರಲ್‌ಡ್ರಾ ಅನ್ನುವ ಡಿಸೈನ್ ಸಾಫ್ಟ್‌ವೇರ್ ಬಳಸುತ್ತೇನೆ. ಯಾರೂ ಹೇಳಿಕೊಟ್ಟಿಲ್ಲ, ನೋಡಿ ನೋಡಿ ಕಲಿತದ್ದು.

ಹೋದ ವರ್ಷ 20 ಅಡಿ ಅಗಲ, 10 ಅಡಿ ಎತ್ತರದ್ದು ಮಾಡಿಸಿದೆವು. ಹಿಂದಿನ ರಾತ್ರಿ ಕಟ್ಟೋಣ ಅಂತ ಬಿಚ್ಚಿದರೆ ಎದೆ ಧಸಕ್ ಅಂತು. 'ಕನ್ನಡ' ಪದದಲ್ಲಿ ಒತ್ತು ಬಂದು ಮೇಲಿನ ಅಕ್ಷರಕ್ಕೆ ತಾಗುವ ಜಾಗದಲ್ಲಿ ಬಿಳಿ ತೂತು. ಕೆಳಗಿನ ಸಾಲಿನ 'ಸ್ವಾಗತ' ಹೋಗಿ 'ಸ್‌ವಾಗತ' ಆಗಿತ್ತು. ಹಳದಿ ಹಸಿರು ಹೊಡೆಯುತ್ತಿತ್ತು. ಜ್ಞಾನಪೀಠ ಪಡೆದ ನಮ್ಮ 8 ಜನರ ಚಿತ್ರಗಳಲ್ಲಿ ಎರಡು ಪೂರ್ತಿ ಮಸುಕು. ಅಂಗಡಿಯವರನ್ನು ಕೇಳಿದರೆ, ನೀವು ಕೊಟ್ಟ ಫೈಲೇ ಹಾಗಿತ್ತು ಅಂದರು. ನನ್ನ ಕಂಪ್ಯೂಟರ್ ಪರದೆಯಲ್ಲಿ ಎಲ್ಲ ಸರಿಯಾಗಿಯೇ ಕಾಣುತ್ತಿತ್ತು.

ಮಕ್ಕಳಿಗೆ ಒತ್ತಕ್ಷರ ಕಲಿಸುವುದು ನನ್ನ ಕೆಲಸ. ಅದೇ ಮಕ್ಕಳು ಆ ಪರದೆಯ ಮುಂದೆ ನಿಂತು ನಾಡಗೀತೆ ಹಾಡಿದರು. ಇವತ್ತಿಗೂ ಆ ಫೋಟೊ ನೋಡೋಕೆ ಮನಸ್ಸು ಬರುವುದಿಲ್ಲ. ಈ ಸಲ ಹಾಗಾಗಬಾರದು. ಎಲ್ಲಿ ತಪ್ಪಿದ್ದೇನೆ, ಹೇಳಿಕೊಡಿ.

ರೋಲ್‌ಮಷಿನ್:

ಮೇಷ್ಟ್ರೇ, 14 ವರ್ಷದಿಂದ ದೊಡ್ಡ ಪ್ರಿಂಟ್ ಮಷಿನ್ ಓಡಿಸುತ್ತಿದ್ದೇನೆ. ನೀವು ಹೇಳಿದ ನಾಲ್ಕು ತಪ್ಪೂ ಅಕ್ಟೋಬರ್ ಕೊನೆಯ ವಾರ ದಿನಾ ನಮ್ಮ ಅಂಗಡಿಗೆ ಬರುತ್ತವೆ. ಆ ವಾರ ಫೈಲ್ ತೆರೆದು ಒಂದೊಂದು ಅಕ್ಷರ ನೋಡುವಷ್ಟು ಹೊತ್ತು ನಮಗೆ ಸಿಗುವುದಿಲ್ಲ. ಬಂದದ್ದನ್ನು ರಿಪ್ ಸಾಫ್ಟ್‌ವೇರ್‌ಗೆ ಹಾಕುತ್ತೇವೆ, ಅದು ಚುಕ್ಕಿಗಳಾಗಿ ಒಡೆದು ಮಷಿನ್‌ಗೆ ಕಳಿಸುತ್ತದೆ. ರಿಪ್‌ಗೆ ಕನ್ನಡ ಓದಲು ಬರುವುದಿಲ್ಲ. ಆದ್ದರಿಂದ ಅಕ್ಷರ ನಿಮ್ಮ ಮನೆಯಿಂದ ಹೊರಡುವಾಗಲೇ ಬರೀ ಚಿತ್ರವಾಗಿರಬೇಕು.

ಮೊದಲು ಎರಡು ವಿಷಯ ಹೇಳಿ. ತಲೆಬರಹ ಯಾವ ಫಾಂಟ್? 'ಸ್ವಾಗತ' ಎಲ್ಲಿ ಟೈಪ್ ಮಾಡಿದ್ದು?

ಹಳ್ಳಿಮೇಷ್ಟ್ರು:

ತಲೆಬರಹ ನುಡಿಯಲ್ಲಿ, ಕೋರಲ್ ಒಳಗೇ ಟೈಪ್ ಮಾಡಿ ಕರ್ವ್ ಮಾಡಿದ್ದೆ, ಅಂದರೆ ಅಕ್ಷರವನ್ನು ಗೆರೆಗಳ ಆಕಾರವಾಗಿ ಬದಲಿಸಿದ್ದೆ. 'ಸ್ವಾಗತ' ಸಾಲು ಕಾರ್ಯದರ್ಶಿ ವಾಟ್ಸಾಪ್‌ನಲ್ಲಿ ಕಳಿಸಿದ್ದರು. ಹಾಗೇ ಕಾಪಿ ಮಾಡಿ ಹಾಕಿದ್ದೆ. ಅದನ್ನು ಕರ್ವ್ ಮಾಡಲು ಮರೆತಿದ್ದೆ ಅನಿಸುತ್ತದೆ.

ಅಕ್ಷರಪ್ರೀತಿ:

ಹಾಗಾದರೆ ಇವು ಎರಡು ಬೇರೆ ಬೇರೆ ಕಾಯಿಲೆ. ನಾನು ಫಾಂಟ್ ಕೆಲಸ ಮಾಡುವವಳು, ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಒಂದು ಕನ್ನಡ ಅಕ್ಷರ ಹಲವು ತುಂಡುಗಳಿಂದ ಆಗುತ್ತದೆ. 'ಕ' ಅಂದರೆ ಕೆಳಗಿನ ದೇಹ ಒಂದು ತುಂಡು, ತಲಕಟ್ಟು ಇನ್ನೊಂದು. ಕೊಂಬು, ದೀರ್ಘ, ಒತ್ತು ಎಲ್ಲವೂ ಬಿಡಿ ಬಿಡಿ. ಜೋಡಣೆ ಚೆನ್ನಾಗಿ ಕಾಣಲಿ ಅಂತ ಒಂದು ತುಂಡು ಇನ್ನೊಂದರ ಮೇಲೆ ಚೂರು ಏರಿ ಕೂರುತ್ತದೆ. ಟೈಪ್ ಆಗಿರುವ ತನಕ ತೊಂದರೆ ಇಲ್ಲ. ಇಡೀ ಪದವನ್ನು ಕರ್ವ್ ಮಾಡಿ ಒಂದೇ ವಸ್ತುವಾಗಿ ಸೇರಿಸಿದಿರಿ ಅನ್ನಿ. ಆಗ ಎರಡು ಆಕಾರ ಒಂದರ ಮೇಲೊಂದು ಬಂದ ಜಾಗವನ್ನು ಸಾಫ್ಟ್‌ವೇರ್ ತೂತು ಅಂತ ಲೆಕ್ಕ ಹಾಕುತ್ತದೆ. 'ಠ' ಅಕ್ಷರದ ಒಳಗಿನ ಖಾಲಿ ಜಾಗ ಗುರುತಿಸುವುದೂ ಇದೇ ಲೆಕ್ಕದಿಂದ. ನಿಮ್ಮ 'ನ್ನ'ದಲ್ಲಿ ಬಿಳಿ ಬಂದದ್ದು ಹೀಗೆ.

ಮದ್ದು ವೆಲ್ಡ್, ಅಂದರೆ ತುಂಡುಗಳನ್ನು ಬೆಸೆದು ಒಂದೇ ಆಕಾರ ಮಾಡುವುದು. ಕೋರಲ್‌ನಲ್ಲಿ ನುಡಿ ಸಾಲನ್ನು ಕಂಟ್ರೋಲ್ ಕೆ ಒತ್ತಿ ಮೊದಲು ಪದಗಳಾಗಿ, ಆಮೇಲೆ ಬಿಡಿ ತುಂಡುಗಳಾಗಿ ಬಿಡಿಸಿ. ನಂತರ ಕಂಟ್ರೋಲ್ ಕ್ಯೂ ಒತ್ತಿ ಕರ್ವ್ ಮಾಡಿ. ಆಮೇಲೆ ಎಲ್ಲ ಆಯ್ದು ವೆಲ್ಡ್ ಮಾಡಿ. ಕಂಬೈನ್ ಅಲ್ಲ, ವೆಲ್ಡ್. ಇಲ್ಲಸ್ಟ್ರೇಟರ್‌ನವರು ಔಟ್‌ಲೈನ್ ಮಾಡಿ ಪಾತ್‌ಫೈಂಡರ್‌ನಲ್ಲಿ ಯುನೈಟ್ ಒತ್ತಿ. ಬಿಳಿ ಅಂಚು ಕೊಡುವುದಿದ್ದರೆ ಇದೆಲ್ಲ ಆದ ಮೇಲೆ ಕೊಡಿ. ಮೊದಲೇ ಕೊಟ್ಟರೆ ತಲಕಟ್ಟಿಗೂ ದೇಹಕ್ಕೂ ನಡುವೆ ಗೆರೆ ಬೀಳುತ್ತದೆ. ವಿನೈಲ್ ಕತ್ತರಿಸುವ ಪ್ಲಾಟರ್‌ಗೆ ಕಳಿಸುವವರಿಗಂತೂ ವೆಲ್ಡ್ ಇಲ್ಲದೆ ಆಗುವುದೇ ಇಲ್ಲ. ಚಾಕು ಅಕ್ಷರದ ಹೊಟ್ಟೆಯೊಳಗೇ ಹೋಗುತ್ತದೆ.

'ಸ್ವಾಗತ'ದ್ದು ಬೇರೆ ಕತೆ. ವಾಟ್ಸಾಪ್‌ನಲ್ಲಿ ಬಂದದ್ದು ಯೂನಿಕೋಡ್, ಅಂದರೆ ಫೋನ್, ಅಂತರ್ಜಾಲ ಎಲ್ಲ ಕಡೆ ಬಳಸುವ ಅಕ್ಷರ ಸಂಕೇತ. ಅದರಲ್ಲಿ ಸ, ಅರ್ಧಾಕ್ಷರದ ಚಿಹ್ನೆ (ಹಲಂತ), ವ ಅಂತ ಸಾಲಾಗಿ ಕೂತಿರುತ್ತವೆ. ವ ಒತ್ತನ್ನು ಕೆಳಗೆ ಕೂರಿಸುವ ಕೆಲಸ ಫಾಂಟ್‌ನದ್ದು ಮತ್ತು ಸಾಫ್ಟ್‌ವೇರ್‌ನದ್ದು. ಭಾರತೀಯ ಲಿಪಿ ಅರಿಯದ ಹಳೆಯ ಆವೃತ್ತಿಯಲ್ಲಿ ಫೈಲ್ ತೆರೆದರೆ ಒತ್ತು ಕೂರುವುದಿಲ್ಲ, 'ಸ್‌ವಾಗತ' ಆಗುತ್ತದೆ. ನಿಮ್ಮಲ್ಲಿ ಹೊಸದು, ಅಂಗಡಿಯಲ್ಲಿ ಹಳೆಯದು ಇದ್ದಿರಬೇಕು. ಫೋಟೊಶಾಪ್‌ನಲ್ಲಿ ಟೈಪ್ ಸೆಟ್ಟಿಂಗ್ ಒಳಗೆ ದಕ್ಷಿಣ ಏಷ್ಯಾ ಲಿಪಿಯ ಆಯ್ಕೆ ಹಾಕಿಕೊಳ್ಳದಿದ್ದರೂ ಹೀಗೇ ಆಗುತ್ತದೆ.

ಒಂದು ಎಚ್ಚರ. ಯೂನಿಕೋಡ್ ಸಾಲನ್ನು ಕಂಟ್ರೋಲ್ ಕೆ ಒತ್ತಿ ಬಿಡಿಸಲು ಹೋಗಬೇಡಿ, ಜೋಡಣೆ ಅಲ್ಲೇ ಕಳಚಿ ಹೋಗಬಹುದು. ನೇರ ಕರ್ವ್ ಮಾಡಿ, ಜೂಮ್ ಮಾಡಿ ನೋಡಿ, ಆಮೇಲೆ ವೆಲ್ಡ್. ನಿಮ್ಮ ಕೋರಲ್ ಒತ್ತು ಕೂರಿಸದಿದ್ದರೆ ಇಂಕ್‌ಸ್ಕೇಪ್ ಹಾಕಿಕೊಳ್ಳಿ. ದುಡ್ಡು ಕೊಡಬೇಕಿಲ್ಲ, ಕನ್ನಡ ಚೆನ್ನಾಗಿ ಕೂರಿಸುತ್ತದೆ. ಅಲ್ಲಿ ಅಕ್ಷರವನ್ನು ಪಾತ್ ಮಾಡಿ, ಯೂನಿಯನ್ ಕೊಟ್ಟು, ಎಸ್‌ವಿಜಿ ಫೈಲಾಗಿ ಕೋರಲ್‌ಗೆ ತನ್ನಿ. ದೊಡ್ಡ ತಲೆಬರಹಕ್ಕೆ ಬಾಲೂ ತಮ್ಮ, ಅನೇಕ್ ಕನ್ನಡ, ಹುಬ್ಬಳ್ಳಿ ಎಲ್ಲವೂ ಉಚಿತವಾಗಿ ಸಿಗುವ ಯೂನಿಕೋಡ್ ಫಾಂಟ್‌ಗಳು.

ತಿದ್ದಬಹುದಾದ ಮೂಲ ಫೈಲ್ ಬೇರೆ ಹೆಸರಲ್ಲಿ ಇಟ್ಟುಕೊಳ್ಳಿ. ಕರ್ವ್ ಆದ ಮೇಲೆ ಕಾಗುಣಿತ ತಿದ್ದಲು ಬರುವುದಿಲ್ಲ.

ಹಳ್ಳಿಮೇಷ್ಟ್ರು:

ಮೇಡಂ, ಈಗಲೇ ಹೋದ ವರ್ಷದ ಫೈಲ್ ತೆರೆದು ನೋಡಿದೆ. ನೀವು ಹೇಳಿದ ಜಾಗದಲ್ಲೇ ತೂತು. ಸಣ್ಣದಾಗಿ ನೋಡಿದಾಗ ಕಾಣುತ್ತಲೇ ಇರಲಿಲ್ಲ. ಆ ಪದ ಮತ್ತೆ ಟೈಪ್ ಮಾಡಿ, ನೀವು ಹೇಳಿದ ಹಾಗೆ ಬಿಡಿಸಿ ವೆಲ್ಡ್ ಮಾಡಿದೆ, ತೂತು ಇಲ್ಲ. ಒಂದು ವರ್ಷದ ಕೊರಗು 2 ನಿಮಿಷದಲ್ಲಿ ಹೋಯಿತು.

ಹೊಸಕಲಿಕೆ:

ನಾನು ಡಿಸೈನ್ ಕಲಿಯುತ್ತಿದ್ದೇನೆ. ಪ್ರಿಂಟ್ ಅಂದರೆ 300 ಡಿಪಿಐ (ಇಂಚಿಗೆ 300 ಚುಕ್ಕಿ) ಇರಲೇಬೇಕು ಅಂತ ತರಗತಿಯಲ್ಲಿ ಹೇಳಿದ್ದಾರೆ. ಮೇಷ್ಟ್ರ ಚಿತ್ರ ಮಸುಕಾದದ್ದು ಅದಕ್ಕೇ ಇರಬೇಕು ಅಲ್ವಾ? 20 ಅಡಿಗೂ 300 ಇಟ್ಟರೆ ಆಯ್ತಲ್ಲ?

ರೋಲ್‌ಮಷಿನ್:

ಬೇಡ ತಮ್ಮಾ. ಲೆಕ್ಕ ಹಾಕಿ ನೋಡು. 20 ಅಡಿ ಅಂದರೆ 240 ಇಂಚು. 300ರಿಂದ ಗುಣಿಸಿದರೆ 72,000 ಪಿಕ್ಸೆಲ್. ಎತ್ತರ 36,000. ಸಿಎಂವೈಕೆಯಲ್ಲಿ, ಅಂದರೆ ಸಯಾನ್, ಮಜೆಂಟಾ, ಹಳದಿ, ಕಪ್ಪು ಎಂಬ ನಾಲ್ಕು ಇಂಕಿನ ಲೆಕ್ಕದಲ್ಲಿ, ಒಂದು ಪಿಕ್ಸೆಲ್‌ಗೆ 4 ಬೈಟ್. ಒಟ್ಟು 10 ಜಿಬಿ ದಾಟುತ್ತದೆ. ಜೆಪೆಗ್ ಒಂದು ಬದಿಗೆ 65,535 ಪಿಕ್ಸೆಲ್‌ಗಿಂತ ಜಾಸ್ತಿ ಹಿಡಿಯುವುದೇ ಇಲ್ಲ. ಫೋಟೊಶಾಪ್‌ನ ಪಿಎಸ್‌ಡಿ ಫೈಲ್ 30,000ಕ್ಕೆ ನಿಲ್ಲುತ್ತದೆ. ನಮ್ಮ ಕಂಪ್ಯೂಟರ್ ಕೈ ಮುಗಿಯುತ್ತದೆ.

ಅದೇ 72 ಡಿಪಿಐ ಇಟ್ಟರೆ 17,280 ಅಡ್ಡ, 8,640 ಎತ್ತರ. ಬಿಚ್ಚಿದಾಗ ಸುಮಾರು 600 ಎಂಬಿ. ಆರಾಮ. ಕೈಗೆ ಹತ್ತಿರದ ಸ್ಟ್ಯಾಂಡಿ, ಅಂಗಡಿಯೊಳಗಿನ ಪೋಸ್ಟರ್ ಆದರೆ 100ರಿಂದ 150 ಇಡು. ರಸ್ತೆ ಬದಿಯ 40 ಅಡಿ ಹೋರ್ಡಿಂಗ್‌ಗೆ 30 ಸಾಕು.

ಬಣ್ಣದಡಬ್ಬಿ:

ಇದಕ್ಕೆ ಒಂದು ಸೂತ್ರವೇ ಇದೆ. ಚೆನ್ನಾಗಿರುವ ಕಣ್ಣಿಗೆ ಎಷ್ಟು ಸಣ್ಣ ಚುಕ್ಕಿ ಬೇರೆಯಾಗಿ ಕಾಣುತ್ತದೆ ಅನ್ನುವುದರಿಂದ ಬಂದದ್ದು. 3438 ಅನ್ನು ನೋಡುವ ದೂರದಿಂದ, ಇಂಚಿನಲ್ಲಿ, ಭಾಗಿಸಿ. 3 ಅಡಿ ದೂರಕ್ಕೆ 95 ಡಿಪಿಐ. 10 ಅಡಿಗೆ 29. 15 ಅಡಿಗೆ 19. ಅದಕ್ಕಿಂತ ಜಾಸ್ತಿ ಇದ್ದರೆ ಕಣ್ಣಿಗೆ ಗೊತ್ತಾಗುವುದಿಲ್ಲ. ನಾನು ಇದರ ಎರಡು ಪಟ್ಟು ಇಟ್ಟುಕೊಂಡು ಕೆಲಸ ಮಾಡುತ್ತೇನೆ, ಫೋಟೊ ತೆಗೆಸಿಕೊಳ್ಳಲು ಜನ ಹತ್ತಿರ ನಿಲ್ಲುತ್ತಾರಲ್ಲ.

ಮೇಷ್ಟ್ರೇ, ಆ ಎರಡು ಚಿತ್ರ ಎಷ್ಟು ಪಿಕ್ಸೆಲ್ ಇದ್ದವು? ವಾಟ್ಸಾಪ್‌ನಲ್ಲಿ ಬಂದದ್ದಾ?

ಹಳ್ಳಿಮೇಷ್ಟ್ರು:

ಎರಡೂ ಅಂತರ್ಜಾಲದಿಂದ ಇಳಿಸಿದ್ದು. ಸುಮಾರು 400 ಪಿಕ್ಸೆಲ್ ಅಗಲ. ಉಳಿದವು ದೊಡ್ಡವು. ಎಲ್ಲವನ್ನೂ 2 ಅಡಿ ವೃತ್ತದಲ್ಲಿ ಹಾಕಿದ್ದೆ.

ಬಣ್ಣದಡಬ್ಬಿ:

ಹಾಗಾದರೆ 400 ಪಿಕ್ಸೆಲ್ 24 ಇಂಚಿಗೆ ಹರಡಿ ಇಂಚಿಗೆ 17 ಬಿತ್ತು. ಜತೆಗೆ ಪಕ್ಕದಲ್ಲೇ ಸ್ಪಷ್ಟ ಚಿತ್ರ ಇದ್ದದ್ದರಿಂದ ಇನ್ನೂ ಮಸುಕಾಗಿ ಕಂಡಿದೆ. ಫೋಟೊಶಾಪ್‌ನಲ್ಲಿ ಡಿಪಿಐ ಸಂಖ್ಯೆ ಏರಿಸಿದರೆ ಇಲ್ಲದ ವಿವರ ಹುಟ್ಟುವುದಿಲ್ಲ. ವೃತ್ತ ಚಿಕ್ಕದು ಮಾಡಿ, ಅಥವಾ ಎಂಟನ್ನೂ ಒಂದೇ ಬಣ್ಣದ ಗೆರೆಚಿತ್ರ ಮಾಡಿಸಿ. ಊರಲ್ಲಿ ಚಿತ್ರಕಲೆ ಮೇಷ್ಟ್ರು ಇದ್ದರೆ ಅವರ ಕೈಯಲ್ಲಿ ಬರೆಸಿದರೆ ಇನ್ನೂ ಚೆಂದ.

ಫೈಲ್ ಅಂಗಡಿಗೆ ಕಳಿಸುವಾಗಲೂ ವಾಟ್ಸಾಪ್‌ನಲ್ಲಿ ಫೋಟೊ ಅಂತ ಕಳಿಸಬೇಡಿ. ಮಾಮೂಲಿ ಗುಣಮಟ್ಟದಲ್ಲಿ ಉದ್ದದ ಬದಿ ಸುಮಾರು 1600 ಪಿಕ್ಸೆಲ್‌ಗೆ ಇಳಿಯುತ್ತದೆ. 20 ಅಡಿಗೆ ಹಂಚಿದರೆ ಇಂಚಿಗೆ 7 ಕೂಡ ಬರುವುದಿಲ್ಲ. ಡಾಕ್ಯುಮೆಂಟ್ ಅಂತ ಕಳಿಸಿ, ಇಲ್ಲವೇ ಪೆನ್‌ಡ್ರೈವ್ ಕೊಡಿ.

ಈಗ ಹಳದಿ. ಆರ್‌ಜಿಬಿಯಲ್ಲಿ, ಅಂದರೆ ಕಂಪ್ಯೂಟರ್ ಪರದೆಯ ಕೆಂಪು, ಹಸಿರು, ನೀಲಿ ಬೆಳಕಿನ ಲೆಕ್ಕದಲ್ಲಿ, ಶುದ್ಧ ಹಳದಿ 255, 255, 0. ಅದನ್ನು ಫೋಟೊಶಾಪ್‌ನ ಹಳೆಯ ಮಾಮೂಲಿ ಪ್ರೊಫೈಲ್‌ನಲ್ಲಿ ಸಿಎಂವೈಕೆ ಮಾಡಿದರೆ ಹಳದಿ 97 ಜತೆಗೆ ಸಯಾನ್ 6 ಸೇರಿಕೊಳ್ಳುತ್ತದೆ. ಸಯಾನ್ ಅಂದರೆ ನೀಲಿ ಇಂಕು. ಹಳದಿಗೆ ಒಂದು ಹನಿ ನೀಲಿ ಬಿದ್ದರೂ ಹಸಿರು ಹೊಡೆಯುತ್ತದೆ. ನಮ್ಮ ಬಾವುಟದ ಬಣ್ಣವನ್ನು ಪರಿವರ್ತನೆಗೆ ಬಿಡಬೇಡಿ, ಕೈಯಾರೆ ಬರೆಯಿರಿ. ಹಳದಿಗೆ ವೈ 100, ಉಳಿದದ್ದು ಸೊನ್ನೆ. ಕೆಂಪಿಗೆ ಎಂ 100, ವೈ 100, ಉಳಿದದ್ದು ಸೊನ್ನೆ.

ನೀಲಿ ಬಳಸುವುದಾದರೆ ಎಂ ಅನ್ನು ಸಿಗಿಂತ ಕನಿಷ್ಠ 30 ಕಡಿಮೆ ಇಡಿ. ಇಲ್ಲದಿದ್ದರೆ ನೇರಳೆ ಬರುತ್ತದೆ. ಪರದೆಯಲ್ಲಿ ಹೊಳೆಯುವ ಗಿಳಿ ಹಸಿರು ಇಂಕಿನಲ್ಲಿ ಬರುವುದೇ ಇಲ್ಲ, ಅದರ ಆಸೆ ಬಿಡಿ.

ರೋಲ್‌ಮಷಿನ್:

ಬಣ್ಣದ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಫೋಟೊಗಳನ್ನು ಆರ್‌ಜಿಬಿಯಲ್ಲೇ ಕೊಟ್ಟರೂ ನಮ್ಮ ರಿಪ್ ಚೆನ್ನಾಗಿ ಪರಿವರ್ತಿಸುತ್ತದೆ. ಆದರೆ ಒಂದೇ ಪುಟದಲ್ಲಿ ಆರ್‌ಜಿಬಿ ಚಿತ್ರ, ಸಿಎಂವೈಕೆ ಹಿನ್ನೆಲೆ, ಅದರ ಮೇಲೆ ನೆರಳು ಇದ್ದರೆ ನೆರಳಿನ ಸುತ್ತ ಚೌಕ ಡಬ್ಬಿ ಕಾಣುತ್ತದೆ. ಪರದೆಯಲ್ಲಿ ಕಾಣದು, ಪ್ರಿಂಟ್‌ನಲ್ಲಿ ಎದ್ದು ಕಾಣುತ್ತದೆ. ನೆರಳು ಇರುವ ಭಾಗವನ್ನು ಹಿನ್ನೆಲೆ ಸಮೇತ ಒಂದೇ ಬಿಟ್‌ಮ್ಯಾಪ್ (ಚುಕ್ಕಿಗಳ ಚಿತ್ರ) ಮಾಡಿಬಿಡಿ.

ಕಪ್ಪು ಬರೀ ಕೆ 100 ಇಟ್ಟರೆ ದೊಡ್ಡ ಜಾಗದಲ್ಲಿ ಬೂದಿ ಬಣ್ಣ ಕಾಣುತ್ತದೆ. ಸಿ 60, ಎಂ 40, ವೈ 40, ಕೆ 100 ಇಡಿ. ನಾಲ್ಕನ್ನೂ 100 ಇಟ್ಟರೆ ಇಂಕು ಒಣಗುವುದಿಲ್ಲ, ಸುತ್ತಿಟ್ಟಾಗ ಒಂದಕ್ಕೊಂದು ಅಂಟುತ್ತದೆ. ಸಣ್ಣ ಅಕ್ಷರಕ್ಕೆ ಮಾತ್ರ ಬರೀ ಕೆ.

ಅಳತೆ ವಿಷಯ ಯಾರೂ ಹೇಳಲಿಲ್ಲ. ನಮ್ಮ ಕಡೆ ಹೆಚ್ಚಿನವರು ಒಂದು ಅಡಿಗೆ ಒಂದು ಇಂಚು ಅಂತ ಫೈಲ್ ಮಾಡುತ್ತಾರೆ. 20 ಅಡಿ ಅಂದರೆ 20 ಇಂಚು. ಹೊರಗೆ ಕಲಿತವರು ಹತ್ತನೇ ಒಂದು ಪಾಲು ಇಡುತ್ತಾರೆ, ಅವರ 20 ಅಡಿ 24 ಇಂಚು ಆಗುತ್ತದೆ. ಎರಡೂ ಸರಿಯೇ. ಆದರೆ 24 ಇಂಚಿನ ಫೈಲನ್ನು ನಮ್ಮ ಹುಡುಗ 24 ಅಡಿ ಅಂದುಕೊಂಡರೆ? ಆಗಿದೆ, ನಮ್ಮಲ್ಲೇ ಆಗಿದೆ. ಅಷ್ಟೂ ರೋಲ್ ಕಸಕ್ಕೆ. ಫೈಲ್ ಹೆಸರಿನಲ್ಲೇ ಬರೆಯಿರಿ: ಅಗಲ 20 ಅಡಿ, ಎತ್ತರ 10 ಅಡಿ, ಒಂದು ಇಂಚಿಗೆ ಒಂದು ಅಡಿ. ಹಾಗೆ ಕುಗ್ಗಿಸಿ ಮಾಡುವಾಗ ಫೈಲ್‌ನ ಡಿಪಿಐ 864 ಇರಬೇಕು, ಆಗ 12 ಪಟ್ಟು ಹಿಗ್ಗಿದ ಮೇಲೆ 72 ಸಿಗುತ್ತದೆ.

ಅಂಚು ಬಿಡುವುದು ಮರೆಯಬೇಡಿ. ಫ್ರೇಮ್‌ಗೆ ಹಿಂದಕ್ಕೆ ಮಡಚಿ ಹೊಡೆಯುತ್ತಾರೆ, ಇಲ್ಲವೇ ಐಲೆಟ್ (ದಾರ ಕಟ್ಟಲು ಲೋಹದ ಬಳೆ) ಹಾಕುತ್ತಾರೆ. ನಾಲ್ಕೂ ಬದಿ ಹಿನ್ನೆಲೆ ಬಣ್ಣ 2 ಇಂಚು ಹೊರಗೆ ಹೋಗಲಿ, ಅಕ್ಷರ ಮಾತ್ರ ಒಳಗೆ 6 ಇಂಚು ದೂರ ಇರಲಿ.

ಹಳ್ಳಿಮೇಷ್ಟ್ರು:

ಒಂದು ಹೊಸ ಸಂಗತಿ. ಈ ಸಲ ಫ್ಲೆಕ್ಸ್ ಬೇಡ, ಬಟ್ಟೆಯಲ್ಲೇ ಮಾಡಿಸೋಣ ಅಂತ ಸಂಘದಲ್ಲಿ ತೀರ್ಮಾನವಾಯಿತು. 2016ರಲ್ಲೇ ನಮ್ಮ ಸರ್ಕಾರ ಪ್ಲಾಸ್ಟಿಕ್ ಫ್ಲೆಕ್ಸ್ ನಿಷೇಧಿಸಿದೆ, ನಾವೇ ಪಾಲಿಸದಿದ್ದರೆ ಹೇಗೆ ಅಂತ ಹುಡುಗರೇ ಕೇಳಿದರು. ನನಗೂ ಖುಷಿಯಾಯಿತು. ಆದರೆ ಇಲ್ಲಿನ ಅಂಗಡಿಯಲ್ಲಿ ಬಟ್ಟೆ 5 ಅಡಿ ಅಗಲದ ರೋಲ್ ಮಾತ್ರ ಇದೆ. 10 ಅಡಿ ಎತ್ತರಕ್ಕೆ ಹೊಲಿಗೆ ಹಾಕಲೇಬೇಕು ಅನ್ನುತ್ತಾರೆ. ಹೊಲಿಗೆ ಮುಖದ ಮೇಲೆ ಬಂದರೆ?

ಕುಂಚದವರು:

ನಾನು ಮೊದಲು ಬಟ್ಟೆಯ ಮೇಲೆ ಬ್ರಷ್‌ನಲ್ಲಿ ಬೋರ್ಡು ಬರೆಯುತ್ತಿದ್ದವನು. ನಾಟಕದ ಪರದೆಗಳನ್ನೂ ಬರೆದಿದ್ದೇನೆ. ಆಗಲೂ ಬಟ್ಟೆ ಸೇರಿಸಿ ಹೊಲಿಯುತ್ತಿದ್ದೆವು. ಹೊಲಿಗೆ ಎಲ್ಲಿ ಬರುತ್ತದೆ ಅಂತ ಮೊದಲು ನೋಡಿ, ಆಮೇಲೆ ಚಿತ್ರ ಹೂಡುತ್ತಿದ್ದೆವು.

ನಿಲುವಾಗಿ 4 ತುಂಡು ಮಾಡಿದರೆ 3 ಹೊಲಿಗೆ, ಒಂದು ತಲೆಬರಹದ ಮಧ್ಯಕ್ಕೇ ಬರುತ್ತದೆ. ಅಡ್ಡಲಾಗಿ 20 ಅಡಿ ಉದ್ದದ 2 ತುಂಡು ಮಾಡಿ, ಒಂದೇ ಹೊಲಿಗೆ. ಅದು 5 ಅಡಿ ಎತ್ತರದಲ್ಲಿ ಬರುತ್ತದೆ. ನಿಮ್ಮ ಹಿನ್ನೆಲೆ ಬಾವುಟದ್ದೇ ಅಲ್ವಾ? ಮೇಲೆ ಹಳದಿ, ಕೆಳಗೆ ಕೆಂಪು. ಎರಡೂ ಸೇರುವ ಗೆರೆಯಲ್ಲೇ ಹೊಲಿಗೆ ಹಾಕಿಸಿ. ಯಾರ ಕಣ್ಣಿಗೂ ಬೀಳುವುದಿಲ್ಲ.

ಇನ್ನೊಂದು. ವೇದಿಕೆಯ ಮೇಲೆ ಅತಿಥಿಗಳು ಕುರ್ಚಿಯಲ್ಲಿ ಕೂತರೆ ತಲೆ ಸುಮಾರು 4 ಅಡಿಗೆ ಬರುತ್ತದೆ. ಅದರ ಕೆಳಗೆ ಏನು ಬರೆದರೂ ದಂಡ. ಓದಬೇಕಾದ್ದೆಲ್ಲ ಹಳದಿಯ ಮೇಲೆ ಇರಲಿ.

ರೋಲ್‌ಮಷಿನ್:

ಕುಂಚದವರೇ, ಇದು ನನಗೆ ಹೊಳೆದಿರಲಿಲ್ಲ. ಇದರಲ್ಲಿ ಇನ್ನೊಂದು ಲಾಭ ಇದೆ. ಒಂದೇ ಬಣ್ಣವನ್ನು ಎರಡು ತುಂಡಿನಲ್ಲಿ ಪ್ರಿಂಟ್ ಮಾಡಿ ಪಕ್ಕಪಕ್ಕ ಇಟ್ಟರೆ ಸ್ವಲ್ಪವಾದರೂ ವ್ಯತ್ಯಾಸ ಕಾಣುತ್ತದೆ. ಇಲ್ಲಿ ಹಳದಿಗೆ ಕೆಂಪು ಸೇರುವುದರಿಂದ ಆ ಚಿಂತೆಯೇ ಇಲ್ಲ.

ಮೇಷ್ಟ್ರೇ, ಕೆಳಗಿನ ತುಂಡಿನ ಕೆಂಪನ್ನು ಮೇಲಕ್ಕೆ 1 ಇಂಚು ಜಾಸ್ತಿ ಎಳೆಯಿರಿ. ಅದು ಹಳದಿ ತುಂಡಿನ ಹಿಂದೆ ಹೋಗುತ್ತದೆ. ದರ್ಜಿ ಕೈ ಚೂರು ಜಾರಿದರೂ ಬಿಳಿ ಬಟ್ಟೆ ಇಣುಕುವುದಿಲ್ಲ. ಹಳದಿಯ ಕೆಳ ಅಂಚನ್ನು ಮಡಚಲು 1 ಇಂಚು ಹಳದಿಯೂ ಜಾಸ್ತಿ ಇರಲಿ. ಆದರೆ ರೋಲ್ 5 ಅಡಿಯೇ. ಮಷಿನ್‌ಗೆ ಹಿಡಿತಕ್ಕೂ ಜಾಗ ಬೇಕು. ಹಾಗಾಗಿ ಕಾಣುವ ಭಾಗ ಒಂದೊಂದೂ 4 ಅಡಿ 8 ಇಂಚು ಇಟ್ಟುಕೊಳ್ಳಿ. ಒಟ್ಟು ಎತ್ತರ 9 ಅಡಿ 4 ಇಂಚು ಬರುತ್ತದೆ. ಫ್ರೇಮ್ ಅದಕ್ಕೆ ಸರಿಯಾಗಿ ಮಾಡಿಸಿ.

ಬಟ್ಟೆ ಇಂಕನ್ನು ಹೀರುತ್ತದೆ. ಅಂಚು ಸ್ವಲ್ಪ ಹರಡುತ್ತದೆ. ತೆಳು ಗೆರೆ, ಸಣ್ಣ ಅಕ್ಷರ ಬೇಡ. ಪೂರ್ತಿ ಪ್ರಿಂಟ್ ಕೊಡುವ ಮೊದಲು ಎರಡು ಅಡಿ ಚೂರು ಅದೇ ಬಟ್ಟೆಯಲ್ಲಿ ತೆಗೆಸಿ. ಹಳದಿ, ಕೆಂಪು, ಒಂದು ಮುಖ, ಒಂದು ಒತ್ತಕ್ಷರ ಅದರಲ್ಲಿ ಇರಲಿ. ಅದಕ್ಕೆ ಆಗುವ ಖರ್ಚು ಏನೂ ಅಲ್ಲ.

ಅಕ್ಷರಪ್ರೀತಿ:

ತಲೆಬರಹದ ಕೆಳಗೆ ಜಾಗ ಬಿಡಿ ಮೇಷ್ಟ್ರೇ. 'ಕನ್ನಡ ರಾಜ್ಯೋತ್ಸವ' ಅಂದರೆ ಮೂರು ಒತ್ತು ಕೆಳಗಿಳಿಯುತ್ತವೆ. ಹತ್ತಿರ ಹತ್ತಿರ ಇಟ್ಟರೆ ಯ ಒತ್ತು ಹೋಗಿ ಕೆಳಗಿನ ಚಿತ್ರದ ತಲೆಗೆ ತಾಗುತ್ತದೆ. ಸಾಲಿನ ಅಂತರ ಅಕ್ಷರದ ಎತ್ತರದ ಒಂದೂವರೆ ಪಟ್ಟು ಇರಲಿ. ಇಂಗ್ಲಿಷ್‌ಗೆ ಸಾಕಾಗುವ ಅಂತರ ಕನ್ನಡಕ್ಕೆ ಸಾಲದು.

ಹಳ್ಳಿಮೇಷ್ಟ್ರು:

ಎರಡು ಅಡಿ ಚೂರು ಇವತ್ತು ಬಂತು. ಹಳದಿ ಹಳದಿಯಾಗಿಯೇ ಇದೆ. 'ನ್ನ' ಒಂದೇ ಗಟ್ಟಿ ಅಕ್ಷರ. ಮುಖ 400 ಪಿಕ್ಸೆಲ್‌ನದ್ದೇ, ಆದರೆ ಜಾಗದ ಲೆಕ್ಕದಲ್ಲಿ ವೃತ್ತ ಒಂದೂವರೆ ಅಡಿಗೆ ಇಳಿಯಿತು. ಇಂಚಿಗೆ 22 ಪಿಕ್ಸೆಲ್ ಬಿತ್ತು. ಮೊದಲ ಸಾಲಿನ ಜನ 15 ಅಡಿ ದೂರ ಕೂರುತ್ತಾರೆ. ಶಾಲೆಯ ಜಗಲಿಗೆ ಕಟ್ಟಿ 15 ಅಡಿ ಅಳೆದು ನಿಂತು ನೋಡಿದೆ, ಮುಖ ಸ್ಪಷ್ಟವಾಗಿದೆ. ಎರಡು ಪಟ್ಟು ಇಡಬೇಕು ಅಂದಿದ್ದರು, ಅದಕ್ಕೆ ಚಿತ್ರ ಸಿಗಲಿಲ್ಲ. ಫೋಟೊ ತೆಗೆಸುವವರು ಮುಖಗಳಿಂದ ದೂರ ನಿಲ್ಲುವ ಹಾಗೆ ಹೂಕುಂಡ ಇಡುತ್ತೇವೆ.

ಕಪ್ಪು ಅಕ್ಷರ ಮಾತ್ರ ಬಟ್ಟೆಯಲ್ಲಿ ಸ್ವಲ್ಪ ದಪ್ಪಗಾಗಿದೆ. ಫಾಂಟ್ ಒಂದು ಹಂತ ತೆಳುವಿನದು ಹಾಕಿದೆ.

ಹಳ್ಳಿಮೇಷ್ಟ್ರು:

ನವೆಂಬರ್ 1 ಮುಗಿಯಿತು. ಹೊಲಿಗೆ ಎಲ್ಲಿದೆ ಅಂತ ದರ್ಜಿಯೇ ಬಂದು ತೋರಿಸಿದ ಮೇಲೆ ಗೊತ್ತಾಯಿತು. ಎಲ್ಲರಿಗೂ ತುಂಬಾ ಉಪಕಾರ. ಆರನೇ ತರಗತಿಯ ಹುಡುಗಿಯೊಬ್ಬಳು ತಲೆಬರಹ ಓದಿ, ಸಾರ್, ಈ ಸಲ ನ್ನ ಸರಿಯಾಗಿದೆ ಅಂದಳು. ಹೋದ ವರ್ಷದ್ದನ್ನು ಅವಳು ನೋಡಿ ಇಟ್ಟುಕೊಂಡಿದ್ದಳು.

ಹೊಸಕಲಿಕೆ:

ಸರ್, ನಮ್ಮೂರಿಗೂ ಹೀಗೆ ಮಾಡಬೇಕು. ಫೈಲ್ ಕೊಡುತ್ತೀರಾ? ವರ್ಷ ಎಲ್ಲಿ ಹಾಕಿದ್ದೀರಿ, ಫೋಟೊದಲ್ಲಿ ಕಾಣಲಿಲ್ಲ.

ಹಳ್ಳಿಮೇಷ್ಟ್ರು:

ಖಂಡಿತ ಕೊಡುತ್ತೇನೆ. ಕರ್ವ್ ಆದದ್ದು, ತಿದ್ದುವಂಥದ್ದು ಎರಡೂ ಕಳಿಸುತ್ತೇನೆ. ಸಂಘದ ಹೆಸರು ಬದಲಿಸಿದ ಮೇಲೆ ವೆಲ್ಡ್ ಮರೆಯಬೇಡಿ. ವರ್ಷವನ್ನು ಬ್ಯಾಕ್‌ಡ್ರಾಪ್ ಮೇಲೆ ಪ್ರಿಂಟ್ ಮಾಡಿಸಿಲ್ಲ. ಬೇರೆ ಚಿಕ್ಕ ಬಟ್ಟೆಯಲ್ಲಿ ಬರೆಸಿ ಪಿನ್ ಹಾಕಿದ್ದೆವು, ಗಾಳಿಗೆ ಬಿದ್ದುಹೋಯಿತು. ಮುಂದಿನ ವರ್ಷ ನಾಲ್ಕು ಮೂಲೆಗೂ ದಾರ ಹಾಕಿಸುತ್ತೇವೆ. ದೊಡ್ಡ ಬಟ್ಟೆ ಒಗೆಯದೆ ಸುತ್ತಿ ಶಾಲೆಯ ಬೀರುವಿನಲ್ಲಿ ಇಟ್ಟಿದ್ದೇನೆ.